ಕಾರಣ ಹೇಳದ ಹಿಂಬರಹ

ಪೌತಿ ಖಾತೆ ಏಕೆ ಆಗಲಿಲ್ಲ, ವಿಧವಾ ವೇತನ ಏಕೆ ನಿಂತಿತು, ಜಾತಿ ಪ್ರಮಾಣಪತ್ರದ ಅರ್ಜಿ ಏಕೆ ತಿರಸ್ಕೃತವಾಯಿತು, ಅಂಗಡಿಯ ಪರವಾನಗಿ ಏಕೆ ನವೀಕರಣಗೊಳ್ಳಲಿಲ್ಲ ಎಂಬಂಥ ಪ್ರಶ್ನೆಗಳನ್ನು ಹೊತ್ತು ವಕೀಲರ ಬಳಿಗೆ ಬರುವವರು ಯಾವ ಕೋರ್ಟಿಗೆ ಹೋಗಬೇಕೆಂದು ಕೇಳುತ್ತಾರೆ. ವಕೀಲರಾದರೋ ಕಚೇರಿಯಿಂದ ಬಂದ ಕಾಗದವನ್ನು ಮೊದಲು ತೋರಿಸಿ ಎನ್ನುತ್ತಾರೆ. ಸರ್ಕಾರದ ಅಂಗಗಳು ಅಧಿಕಾರ ಚಲಾಯಿಸುವ ಬಗೆಯನ್ನು ಹದ್ದಿನಲ್ಲಿಡುವ ನಿಯಮಗಳಿಗೆ ಒಟ್ಟಾಗಿ ಆಡಳಿತ ಕಾನೂನು ಎಂದು ಹೆಸರು. ಮೇಲ್ಮನವಿ, ಪುನರೀಕ್ಷಣೆ, ರಿಟ್ ಅರ್ಜಿ, ಸಿವಿಲ್ ದಾವೆ, ಲೋಕಾಯುಕ್ತಕ್ಕೆ ದೂರು ಎಂದು ಅದು ನಾಗರಿಕನಿಗೆ ತೆರೆದಿಟ್ಟಿರುವ ದಾರಿಗಳು ಕಡಿಮೆಯೇನಲ್ಲ. ಆದರೆ ಇವುಗಳಲ್ಲಿ ಹೆಚ್ಚಿನವು, ಕಾರಣವನ್ನು ಒಳಗೊಂಡ ಲಿಖಿತ ಆದೇಶವೊಂದು ನಾಗರಿಕನ ಕೈಯಲ್ಲಿದೆ ಎಂದು ಭಾವಿಸಿಕೊಂಡೇ ರೂಪುಗೊಂಡಿವೆ. ಕರ್ನಾಟಕದ ಕಚೇರಿಗಳಲ್ಲಿ ಅರ್ಜಿದಾರನಿಗೆ ಎಷ್ಟೋ ಸಲ ಸಿಗುವುದು ಅಂಥ ಆದೇಶವಲ್ಲ, ಒಂದೋ ಮೌನ, ಇಲ್ಲವೇ ಎರಡು ಸಾಲಿನ ಹಿಂಬರಹ. ಆದ್ದರಿಂದ ಅಹವಾಲು ಕೇಳುವ ವೇದಿಕೆಗಳನ್ನು ಒಂದರ ಮೇಲೊಂದು ಹುಟ್ಟುಹಾಕುವುದಕ್ಕಿಂತ, ಇಲ್ಲವೆನ್ನುವ ಅಧಿಕಾರಿ ಏಕೆ ಇಲ್ಲವೆಂಬುದನ್ನು ಬರೆದು ಕೊಡಲೇಬೇಕೆಂಬ ಕಟ್ಟುಪಾಡನ್ನು ಬಿಗಿಗೊಳಿಸುವುದು ಹೆಚ್ಚು ಜರೂರಾದ ಕೆಲಸ.

ಅರ್ಜಿಗೆ ಕಚೇರಿ ಕೊಡುವ ಲಿಖಿತ ಉತ್ತರಕ್ಕೆ ಹಿಂಬರಹವೆಂಬ ಹೆಸರು ರೂಢಿಯಲ್ಲಿದೆ. ಅದರ ಮೇಲ್ಭಾಗದಲ್ಲಿ ಕಡತದ ಸಂಖ್ಯೆ ಮತ್ತು ದಿನಾಂಕ, ಅದರ ಕೆಳಗೆ ವಿಷಯ, ಅನಂತರ ಅರ್ಜಿಯ ದಿನಾಂಕವನ್ನು ಸೂಚಿಸುವ ಉಲ್ಲೇಖ ಇರುತ್ತವೆ. ಇಷ್ಟರಲ್ಲಿ ಅರ್ಧ ಹಾಳೆ ಮುಗಿದಿರುತ್ತದೆ. ಉಳಿದರ್ಧದಲ್ಲಿ, ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ಅರ್ಜಿಯನ್ನು ಪರಿಶೀಲಿಸಲಾಗಿದ್ದು, ನಿಯಮಾನುಸಾರ ಅವಕಾಶವಿಲ್ಲದ ಕಾರಣ ವಿಲೇ ಮಾಡಲಾಗಿದೆ ಎಂಬ ಧಾಟಿಯ ಒಂದು ವಾಕ್ಯ ಮತ್ತು ಒಂದು ಸಹಿ. ಯಾವ ನಿಯಮ, ಅದರ ಯಾವ ಕಲಮು, ಯಾರ ವರದಿಯ ಮೇಲೆ, ಯಾವ ದಾಖಲೆಯ ಕೊರತೆಯಿಂದ ಎಂಬುದು ಅಲ್ಲಿ ಇರುವುದಿಲ್ಲ. ಕಾರಣವೆಂಬ ಶಬ್ದ ಇದ್ದರೂ ಕಾರಣ ಮಾತ್ರ ಇಲ್ಲದ ಇಂಥ ಕಾಗದದಿಂದ ಕಚೇರಿಗೆ ಒಂದು ಪ್ರಯೋಜನವುಂಟು: ಕಡತ ಮುಕ್ತಾಯವಾಗುತ್ತದೆ, ಬಾಕಿ ಪಟ್ಟಿಯಲ್ಲಿ ಒಂದು ಸಂಖ್ಯೆ ಇಳಿಯುತ್ತದೆ.

ಅರ್ಜಿದಾರನಿಗೆ ಇದರಿಂದ ಆಗುವ ನಷ್ಟದ ಬಗೆ ತಿಳಿಯಬೇಕಾದರೆ ಪೌತಿ ಖಾತೆಯ ಸಾಮಾನ್ಯ ಪ್ರಸಂಗವೊಂದನ್ನು ಹತ್ತಿರದಿಂದ ನೋಡಬೇಕು. ಜಮೀನಿನ ಖಾತೆದಾರ ತೀರಿಕೊಂಡಾಗ ವಾರಸುದಾರರ ಹೆಸರಿಗೆ ಖಾತೆ ಬದಲಾಯಿಸುವುದೇ ಪೌತಿ ಖಾತೆ. ಮರಣ ಪ್ರಮಾಣಪತ್ರ, ವಂಶವೃಕ್ಷ, ಪಹಣಿ ಇವುಗಳೊಡನೆ ಮಕ್ಕಳಲ್ಲಿ ಇಬ್ಬರು ಅರ್ಜಿ ಹಾಕುತ್ತಾರೆ. ತಂದೆ ತನಗೊಬ್ಬನಿಗೇ ವಿಲ್ ಬರೆದಿದ್ದಾರೆಂದು ಮೂರನೆಯವನು ತಕರಾರು ಸಲ್ಲಿಸುತ್ತಾನೆ. 1964ರ ಕರ್ನಾಟಕ ಭೂ ಕಂದಾಯ ಕಾಯ್ದೆಯ 129ನೇ ಕಲಮಿನ ಪ್ರಕಾರ ಇಂಥ ತಕರಾರು ಬಂದರೆ ಅದನ್ನು ತಕರಾರು ಪ್ರಕರಣಗಳ ವಹಿಯಲ್ಲಿ ದಾಖಲಿಸಿಕೊಂಡು, ವಿಚಾರಣೆ ನಡೆಸಿ ತೀರ್ಮಾನಿಸಬೇಕು. ಆದರೆ ಕೆಲವು ತಿಂಗಳ ಬಳಿಕ ಅರ್ಜಿದಾರರ ಕೈಗೆ ಬರುವುದು, ತಕರಾರು ಇರುವುದರಿಂದ ಸಕ್ಷಮ ನ್ಯಾಯಾಲಯದಲ್ಲಿ ಹಕ್ಕು ಸ್ಥಾಪಿಸಿಕೊಂಡು ಬರಬೇಕೆಂಬ ಹಿಂಬರಹ.

ಈ ಒಂದು ವಾಕ್ಯಕ್ಕೆ ಕಾನೂನಿನಲ್ಲಿ ಕನಿಷ್ಠ ಮೂರು ಅರ್ಥಗಳಿವೆ. ತಹಸೀಲ್ದಾರರು ಉಭಯ ಪಕ್ಷದವರನ್ನು ಕರೆಸಿ ಕೇಳಿ, ವಿಲ್ಲಿನ ಸಾಚಾತನ ತಾವು ನಿರ್ಧರಿಸುವ ವಿಷಯವಲ್ಲವೆಂದು ಕಂಡುಕೊಂಡಿದ್ದರೆ ಆ ನಿಲುವಿಗೆ ಆಧಾರವಿದೆ. ಖಾತೆ ಬದಲಾವಣೆಯಿಂದ ಮಾಲೀಕತ್ವ ಹುಟ್ಟುವುದಿಲ್ಲವೆಂದೂ, ವಿಲ್ಲನ್ನು ಆಧರಿಸಿದ ಹಕ್ಕಿನ ವಿವಾದ ಸಿವಿಲ್ ನ್ಯಾಯಾಲಯಕ್ಕೆ ಸೇರಿದ್ದೆಂದೂ ಸುಪ್ರೀಂ ಕೋರ್ಟು 2021ರ ಜಿತೇಂದ್ರ ಸಿಂಗ್ ವಿರುದ್ಧ ಮಧ್ಯಪ್ರದೇಶ ರಾಜ್ಯ ಪ್ರಕರಣದಲ್ಲಿ ಮತ್ತೊಮ್ಮೆ ಹೇಳಿದೆ. ಆಗ ಮಕ್ಕಳು ಮಾಡಬೇಕಾದದ್ದು ಹಕ್ಕು ಘೋಷಣೆಯ ದಾವೆ, ಅದೂ ತಮ್ಮ ಹಕ್ಕನ್ನು ಅಲ್ಲಗಳೆಯುವ ಆ ಮೂರನೆಯವನ ಮೇಲೆ. ಹಕ್ಕು ದಾಖಲೆಯ ನಮೂದಿನ ಬಗ್ಗೆ ಸರ್ಕಾರದ ಮೇಲೆ ದಾವೆ ಹೂಡಲು ಅದೇ ಕಾಯ್ದೆಯ 135ನೇ ಕಲಮು ಅಡ್ಡ ಬರುತ್ತದೆ. ಇನ್ನೊಂದು ಅರ್ಥದಲ್ಲಿ, ತಹಸೀಲ್ದಾರರು ವಿಚಾರಣೆಯನ್ನೇ ನಡೆಸದೆ, ತಕರಾರು ಅರ್ಜಿಯ ತಲೆಬರಹ ನೋಡಿ ಕಡತ ಮುಚ್ಚಿರಬಹುದು. ಆಗ ದಾರಿ ಉಪವಿಭಾಗಾಧಿಕಾರಿಯ ಮುಂದಿನ ಮೇಲ್ಮನವಿ, ಅದಕ್ಕೆ 136ನೇ ಕಲಮು ಕೊಡುವ ಅವಧಿ 60 ದಿನ, ಅದರ ಮೇಲೆ ಜಿಲ್ಲಾಧಿಕಾರಿಗಳ ಮುಂದೆ ಪುನರೀಕ್ಷಣೆ. ಮೂರನೆಯದಾಗಿ, ತಕರಾರಿನವನು ವಿಲ್ಲಿನ ಪ್ರತಿಯನ್ನೇ ಹಾಜರುಪಡಿಸಿಲ್ಲದಿರಬಹುದು, ಅಥವಾ ವಂಶವೃಕ್ಷದಲ್ಲಿ ಮಗಳೊಬ್ಬಳ ಹೆಸರು ಬಿಟ್ಟುಹೋದದ್ದೇ ನಿಜವಾದ ತೊಡಕಾಗಿರಬಹುದು. ಹಾಗಿದ್ದರೆ ಕೋರ್ಟೂ ಬೇಡ, ಮೇಲ್ಮನವಿಯೂ ಬೇಡ, ದಾಖಲೆ ಸರಿಪಡಿಸಿ ಹೊಸ ಅರ್ಜಿ ಹಾಕಿದರೆ ಸಾಕು. ಮೂರರಲ್ಲಿ ಯಾವುದು ನಡೆದಿದೆಯೆಂಬುದು ಕಡತಕ್ಕೆ ಗೊತ್ತು, ವಿಷಯ ನಿರ್ವಾಹಕನಿಗೆ ಗೊತ್ತು, ಅರ್ಜಿದಾರನಿಗೆ ಮಾತ್ರ ಗೊತ್ತಿಲ್ಲ. ಅವನು ಊಹೆಯ ಮೇಲೆ ಒಂದು ದಾರಿ ಹಿಡಿಯುತ್ತಾನೆ. ಊಹೆ ತಪ್ಪಿದರೆ, ಮೇಲ್ಮನವಿಯ ಅವಧಿ ಮೀರಿದ ಮೇಲೆ ವಿಳಂಬ ಮನ್ನಾ ಅರ್ಜಿಯ ವಿಚಾರಣೆಯೇ ಒಂದು ಬೇರೆ ವ್ಯಾಜ್ಯವಾಗುತ್ತದೆ. ಹಿಂಬರಹ ಆದೇಶವೇ ಅಲ್ಲ, ಹಾಗಾಗಿ ಮೇಲ್ಮನವಿ ನಿಲ್ಲದು ಎಂಬ ತಕರಾರು ಎದುರು ಪಕ್ಷದಿಂದ ಬಂದರಂತೂ ಅದಕ್ಕೂ ಉತ್ತರ ಕೊಡಬೇಕು. ಕಾರಣ ತಿಳಿಯುವುದು ಕುತೂಹಲ ತಣಿಸುವ ವಿಷಯವಲ್ಲವೆಂದೂ, ಯಾವ ಪರಿಹಾರ ಯಾರ ಮುಂದೆ ಎಷ್ಟು ದಿನದೊಳಗೆ ಎಂಬುದನ್ನು ಗೊತ್ತುಮಾಡುವುದೇ ಅದೆಂದೂ ಈ ಪ್ರಸಂಗದಿಂದ ತಿಳಿಯುತ್ತದೆ.

ಕಾರಣ ಹೇಳಬೇಕೆಂಬ ಕರ್ತವ್ಯ ಭಾರತದ ನ್ಯಾಯಾಲಯಗಳಿಗೆ ಹೊಸದಲ್ಲ. ಒಬ್ಬನ ಹಿತಕ್ಕೆ ಧಕ್ಕೆಯಾಗುವ ತೀರ್ಮಾನಕ್ಕೆ ಮುಂಚೆ ಅವನ ಮಾತನ್ನು ಕೇಳಬೇಕು, ತನ್ನ ವಿವಾದದಲ್ಲಿ ತಾನೇ ತೀರ್ಪುಗಾರನಾಗಬಾರದು ಎಂಬ ಎರಡು ತತ್ತ್ವಗಳಿಗೆ ಸಹಜ ನ್ಯಾಯವೆಂದು ಹೆಸರು, ಕಾರಣ ಹೇಳುವ ಕರ್ತವ್ಯದ ಬೇರು ಇರುವುದೂ ಅಲ್ಲಿಯೇ. ಇವು ನ್ಯಾಯಾಲಯದಂತೆ ವಿಚಾರಣೆ ನಡೆಸುವ ಪ್ರಾಧಿಕಾರಗಳಿಗೆ ಮಾತ್ರ ಅನ್ವಯಿಸುತ್ತವೆ, ಬರಿಯ ಆಡಳಿತಾತ್ಮಕ ಆದೇಶಗಳಿಗೆ ಅಲ್ಲ ಎಂಬ ವಾದ ಬಹುಕಾಲ ಚಾಲ್ತಿಯಲ್ಲಿತ್ತು. ಒಡಿಶಾದಲ್ಲಿ ಸರ್ಕಾರಿ ಸೇವೆಯಲ್ಲಿದ್ದ ವೈದ್ಯೆ ಬೀಣಾಪಾಣಿ ದೇಯಿ ಅವರ ಜನ್ಮದಿನಾಂಕವನ್ನು ಸರ್ಕಾರ ತಾನೇ ತಿದ್ದಿ, ವಿಚಾರಣಾ ವರದಿಯನ್ನು ಅವರಿಗೆ ಕೊಡದೆ ನಿವೃತ್ತಿಗೊಳಿಸಿದಾಗ, ಆಡಳಿತಾತ್ಮಕ ಆದೇಶವಾದರೂ ವ್ಯಕ್ತಿಯ ಹಕ್ಕುಬಾಧ್ಯತೆಗಳ ಮೇಲೆ ಪರಿಣಾಮ ಬೀರುವುದಾದರೆ ಸಹಜ ನ್ಯಾಯಕ್ಕೆ ಬದ್ಧವಾಗಿರಬೇಕೆಂದು ಸುಪ್ರೀಂ ಕೋರ್ಟು 1967ರಲ್ಲಿ ಹೇಳಿತು. ಮೇನಕಾ ಗಾಂಧಿಯವರ ಪಾಸ್‌ಪೋರ್ಟನ್ನು 1977ರಲ್ಲಿ ಸಾರ್ವಜನಿಕ ಹಿತದ ಹೆಸರಿನಲ್ಲಿ ವಶಪಡಿಸಿಕೊಳ್ಳಲು ಹೊರಟ ಕೇಂದ್ರ ಸರ್ಕಾರ, ಕಾರಣ ಕೇಳಿದಾಗ ಅದೇ ಸಾರ್ವಜನಿಕ ಹಿತದ ಹೆಸರಿನಲ್ಲಿ ಕಾರಣ ಕೊಡಲು ಒಪ್ಪಲಿಲ್ಲ. 1978ರಲ್ಲಿ ಹೊರಬಿದ್ದ ಆ ಪ್ರಕರಣದ ತೀರ್ಪು ಸಂವಿಧಾನದ 21ನೇ ವಿಧಿಯ ವ್ಯಾಪ್ತಿಯನ್ನು ಹಿಗ್ಗಿಸಿದ್ದಕ್ಕಾಗಿ ಪ್ರಸಿದ್ಧವಾದರೂ, ಅದರ ಮೂಲದಲ್ಲಿದ್ದ ಜಗಳ ಕಾರಣ ಕೊಡದ ಒಂದು ಸರ್ಕಾರಿ ಪತ್ರದ್ದು ಎಂಬುದನ್ನು ಮರೆಯಬಾರದು. 1990ರ ಎಸ್.ಎನ್. ಮುಖರ್ಜಿ ಪ್ರಕರಣದಲ್ಲಿ ಸಂವಿಧಾನ ಪೀಠವು, ಕಾಯ್ದೆ ಸ್ಪಷ್ಟವಾಗಿಯೋ ಸೂಚ್ಯವಾಗಿಯೋ ವಿನಾಯಿತಿ ಕೊಟ್ಟಿದ್ದ ಹೊರತು, ನ್ಯಾಯಿಕ ಸ್ವರೂಪದ ಅಧಿಕಾರ ಚಲಾಯಿಸುವ ಆಡಳಿತ ಪ್ರಾಧಿಕಾರ ತನ್ನ ತೀರ್ಮಾನಕ್ಕೆ ಕಾರಣಗಳನ್ನು ದಾಖಲಿಸಬೇಕೆಂದಿತು. ರಬ್ಬರ್ ಮುದ್ರೆಯಂಥ ಸಿದ್ಧ ಕಾರಣಗಳು ಕಾರಣಗಳೇ ಅಲ್ಲವೆಂದು 2010ರ ಕ್ರಾಂತಿ ಅಸೋಸಿಯೇಟ್ಸ್ ತೀರ್ಪು ಸೇರಿಸಿತು.

ಇವೆಲ್ಲಕ್ಕಿಂತ ಹಳೆಯದೂ, ತಾಲ್ಲೂಕು ಕಚೇರಿಯ ಅರ್ಜಿದಾರನಿಗೆ ಹೆಚ್ಚು ಹತ್ತಿರದ್ದೂ ಆದ ತೀರ್ಪೊಂದಿದೆ. ಮುಂಬಯಿಯಲ್ಲಿ ಚಿತ್ರಮಂದಿರ ಕಟ್ಟಲು ಗೋರ್ಧನದಾಸ್ ಭಾನಜಿ ಎಂಬವರಿಗೆ ಪೊಲೀಸ್ ಕಮಿಷನರರು ಕೊಟ್ಟಿದ್ದ ಅನುಮತಿ ರದ್ದಾದಾಗ, ರದ್ದತಿಯ ಪತ್ರದಲ್ಲಿದ್ದದ್ದು ಸರ್ಕಾರದ ನಿರ್ದೇಶನದಂತೆ ತಿಳಿಸಲಾಗಿದೆ ಎಂಬ ಒಕ್ಕಣೆ. ಪ್ರಕರಣ ಕೋರ್ಟಿಗೆ ಬಂದ ಮೇಲೆ ಕಮಿಷನರರು ಅದು ತಮ್ಮದೇ ತೀರ್ಮಾನವೆಂದು ವಿವರಣೆ ಕೊಡಲು ನೋಡಿದರು. ಕಾನೂನು ಯಾರ ಕೈಗೆ ಅಧಿಕಾರ ಕೊಟ್ಟಿದೆಯೋ ಅವರೇ ವಿವೇಚಿಸಬೇಕು, ಮೇಲಿನವರ ಅಪ್ಪಣೆಯನ್ನು ದಾಟಿಸುವುದು ವಿವೇಚನೆಯಲ್ಲ. ಸಾರ್ವಜನಿಕ ಆದೇಶವನ್ನು ಅದರಲ್ಲಿ ಬರೆದಿರುವ ಮಾತಿನಿಂದಲೇ ಅಳೆಯಬೇಕು, ಬರೆದವನು ಆಮೇಲೆ ಕೊಡುವ ವಿವರಣೆಯಿಂದಲ್ಲ ಎಂದು ಸುಪ್ರೀಂ ಕೋರ್ಟು 1951ರಲ್ಲಿ ತೀರ್ಮಾನಿಸಿತು. ಪಂಜಾಬಿನ ಫಿರೋಜ್‌ಪುರ ಲೋಕಸಭಾ ಕ್ಷೇತ್ರದ ಮತದಾನ ರದ್ದಾದ ಮೊಹಿಂದರ್ ಸಿಂಗ್ ಗಿಲ್ ಪ್ರಕರಣದಲ್ಲಿ ಇದೇ ತತ್ತ್ವ ಇನ್ನಷ್ಟು ಖಚಿತವಾದ ರೂಪ ಪಡೆಯಿತು. ಗಿಲ್ ಅವರಿಗೆ ಆ ಪ್ರಕರಣದಲ್ಲಿ ಗೆಲುವು ಸಿಗಲಿಲ್ಲ. ಆದರೆ ಆದೇಶದಲ್ಲಿ ಇಲ್ಲದ ಕಾರಣವನ್ನು ಅಫಿಡವಿಟ್ ಮೂಲಕ ಕೋರ್ಟಿನಲ್ಲಿ ತುಂಬಿಸಲಾಗದು ಎಂದು ಹೇಳಬೇಕಾದಾಗ ಇಂದಿಗೂ ವಕೀಲರು ಮೊದಲು ಎತ್ತುವುದು ಅವರ ಹೆಸರನ್ನೇ.

ಇದರ ಜೊತೆಗೆ ಓದಬೇಕಾದ ಇನ್ನೊಂದು ಪ್ರಕರಣ ಬಚ್ಚಿತ್ತರ್ ಸಿಂಗ್ ವಿರುದ್ಧ ಪಂಜಾಬ್ ರಾಜ್ಯ. ವಜಾಗೊಂಡಿದ್ದ ನೌಕರನ ಶಿಕ್ಷೆಯನ್ನು ಕಡಿಮೆ ಮಾಡಬಹುದೆಂದು ಸಚಿವರು ಕಡತದಲ್ಲಿ ಟಿಪ್ಪಣಿ ಬರೆದಿದ್ದರೂ ಅದು ಆದೇಶದ ರೂಪ ಪಡೆದು ಅವನಿಗೆ ತಲುಪಿರಲಿಲ್ಲ. ಕಡತದ ಟಿಪ್ಪಣಿ ತಲುಪಿಸಲ್ಪಡುವ ತನಕ ಬದಲಾಗಬಹುದಾದ ಅಭಿಪ್ರಾಯವಷ್ಟೇ ಎಂದು 1962ರಲ್ಲಿ ಸಂವಿಧಾನ ಪೀಠ ಹೇಳಿತು. ಸಾಹೇಬರು ಸಹಿ ಮಾಡಿಯಾಗಿದೆ, ಆದೇಶ ಟೈಪಾಗುವುದೊಂದೇ ಬಾಕಿ ಎಂಬ ಭರವಸೆ ನಂಬಿ ವರ್ಷಗಟ್ಟಲೆ ಕಾಯುವವರು ಈ ತೀರ್ಪನ್ನು ತಿಳಿದಿರುವುದು ಒಳ್ಳೆಯದು.

ಮೌನದ ಸಮಸ್ಯೆ ಕಾರಣವಿಲ್ಲದ ಹಿಂಬರಹದ್ದಕ್ಕಿಂತ ಗಟ್ಟಿಯಾದದ್ದು, ಏಕೆಂದರೆ ತಪ್ಪು ಆದೇಶವನ್ನು ರದ್ದುಪಡಿಸಬಹುದು, ಇಲ್ಲದ ಆದೇಶವನ್ನು ರದ್ದುಪಡಿಸುವುದು ಹೇಗೆ? ಸಂವಿಧಾನದ 226ನೇ ವಿಧಿಯಡಿ ಹೈಕೋರ್ಟು ಸಾರ್ವಜನಿಕ ಪ್ರಾಧಿಕಾರಕ್ಕೆ ಅದರ ಕರ್ತವ್ಯವನ್ನು ಮಾಡುವಂತೆ ಹೊರಡಿಸುವ ಪರಮಾದೇಶವೆಂಬ ರಿಟ್ ಇದಕ್ಕಾಗಿಯೇ ಇದೆ. ಆದರೆ ಅದನ್ನು ಬೇಡುವವನು ಮೊದಲು ಪ್ರಾಧಿಕಾರದ ಮುಂದೆ ಬೇಡಿಕೆ ಇಟ್ಟಿರಬೇಕು, ಅದು ನಿರಾಕರಣೆಗೊಂಡಿರಬೇಕು ಎಂಬುದು ಸಾಮಾನ್ಯ ನಿಯಮ. ಟಪಾಲು ಶಾಖೆಯ ಮೊಹರು ಬಿದ್ದ ಸ್ವೀಕೃತಿ ಪ್ರತಿ ಅಥವಾ ನೋಂದಾಯಿತ ಅಂಚೆಯ ರಸೀದಿ ಇಲ್ಲದವನು ಬಾಯಿಮಾತಿನ ಅಲೆದಾಟವನ್ನು ಬೇಡಿಕೆಯೆಂದು ಸಾಬೀತುಪಡಿಸುವುದು ಕಷ್ಟ. ಬೆಂಗಳೂರು, ಧಾರವಾಡ, ಕಲಬುರಗಿ ಪೀಠಗಳಲ್ಲಿ ಈ ಬಗೆಯ ರಿಟ್ ಅರ್ಜಿಗಳು ಬಹಳಷ್ಟು ಸಲ ಒಂದೇ ರೀತಿ ಮುಗಿಯುತ್ತವೆ: ಅರ್ಜಿದಾರನ ಮನವಿಯನ್ನು ಇಂತಿಷ್ಟು ವಾರದೊಳಗೆ ಕಾನೂನಿನ ಪ್ರಕಾರ ಪರಿಗಣಿಸತಕ್ಕದ್ದು ಎಂಬ ನಿರ್ದೇಶನ. ಅರ್ಜಿದಾರ ಗೆದ್ದೆನೆಂದುಕೊಂಡು ಊರಿಗೆ ಮರಳುತ್ತಾನೆ. ವಾರಗಳು ಕಳೆದ ಮೇಲೆ ಪರಿಗಣಿಸಲಾಗಿದೆ, ಅವಕಾಶವಿಲ್ಲ ಎಂಬ ಇನ್ನೊಂದು ಹಿಂಬರಹ ಅವನಿಗೆ ತಲುಪುತ್ತದೆ. ಹೀಗೆ ಪರಿಗಣಿಸಿ ಎಂದಷ್ಟೇ ಹೇಳಿ ಕಳುಹಿಸುವ ರೂಢಿಯ ತೊಡಕುಗಳನ್ನು ಸುಪ್ರೀಂ ಕೋರ್ಟೇ 2006ರ ಎ.ಪಿ.ಎಸ್.ಆರ್.ಟಿ.ಸಿ. ವಿರುದ್ಧ ಜಿ. ಶ್ರೀನಿವಾಸ ರೆಡ್ಡಿ ಪ್ರಕರಣದಲ್ಲಿ ಬಿಡಿಸಿ ಹೇಳಿದೆ. 2008ರ ಸಿ. ಜೇಕಬ್ ಪ್ರಕರಣ ಇನ್ನೊಂದು ಎಚ್ಚರಿಕೆ ಕೊಡುತ್ತದೆ: ಕಾಲ ಮೀರಿ ಸತ್ತುಹೋದ ಹಕ್ಕೊತ್ತಾಯಕ್ಕೆ ಹೊಸ ಮನವಿ ಕೊಟ್ಟು, ಅದಕ್ಕೊಂದು ಉತ್ತರ ಪಡೆದು, ಆ ಉತ್ತರದ ದಿನಾಂಕದಿಂದ ಕಾಲಮಿತಿ ಎಣಿಸಲು ಬರುವುದಿಲ್ಲ. ಮೌನಕ್ಕೆ ಮದ್ದು ಮನವಿಯ ಮೇಲೆ ಮನವಿ ಎಂದು ಭಾವಿಸುವವರಿಗೆ ಇದು ಕಹಿಯಾದ ಮಾತು.

ಸಕಾಲ ಎಂಬ ಹೆಸರಿನಿಂದ ಜನಪ್ರಿಯವಾದ, 2012ರಲ್ಲಿ ಜಾರಿಗೆ ಬಂದ ಕರ್ನಾಟಕದ ಸೇವಾ ಖಾತರಿ ಕಾಯ್ದೆ ಮೌನವನ್ನು ಮುರಿಯಲು ಮಾಡಿದ ಗಂಭೀರ ಪ್ರಯತ್ನ. ಪ್ರತಿ ಸೇವೆಗೂ ದಿನಗಳ ಗಡುವು, ಅರ್ಜಿಗೊಂದು ಸಂಖ್ಯೆ, ತಡವಾದರೆ ದಿನಕ್ಕೆ 20 ರೂಪಾಯಿಯಂತೆ ಗರಿಷ್ಠ 500 ರೂಪಾಯಿ ಪರಿಹಾರ, ಮೇಲ್ಮನವಿಗೆ ಎರಡು ಹಂತ ಇವೆಲ್ಲ ಅದರಲ್ಲಿವೆ. ತಿರಸ್ಕರಿಸಿದರೆ ಕಾರಣ ಬರೆಯಬೇಕೆಂಬುದೂ ಇದೆ. ಆದರೆ ಕಾಯ್ದೆಯ ಗಣಕ ಎಣಿಸುವುದು ದಿನಗಳನ್ನು, ಕಾರಣದ ಗುಣವನ್ನಲ್ಲ. ಗಡುವು ಮುಗಿಯುವ ಮುನ್ನಾದಿನ ದಾಖಲೆಗಳು ಸರಿಯಿಲ್ಲ ಎಂಬ ಎರಡು ಪದದಲ್ಲಿ ತಿರಸ್ಕೃತವಾದ ಅರ್ಜಿಯೂ ಲೆಕ್ಕದಲ್ಲಿ ಸಕಾಲಕ್ಕೆ ವಿಲೇವಾರಿಯಾದ ಅರ್ಜಿಯೇ. ವೇಗಕ್ಕೆ ಮಾತ್ರ ಅಂಕ ಕೊಡುವ ವ್ಯವಸ್ಥೆಯಲ್ಲಿ ಒಪ್ಪುವುದಕ್ಕಿಂತ ತಳ್ಳಿಹಾಕುವುದು ಸುಲಭವಾಗುತ್ತದೆ, ಒಪ್ಪಲು ಸ್ಥಳ ಪರಿಶೀಲನೆ ಬೇಕು, ತಳ್ಳಲು ಬೇಡ.

ಮಾಹಿತಿ ಹಕ್ಕಿನ ಕಾಯ್ದೆಯ ಕಡೆ ತಿರುಗಿದರೆ ವಿಚಿತ್ರವಾದ ಅಸಮತೆಯೊಂದು ಎದ್ದು ಕಾಣುತ್ತದೆ. 2005ರ ಈ ಕಾಯ್ದೆಯ 7ನೇ ಕಲಮಿನ 8ನೇ ಉಪಕಲಮು, ಮಾಹಿತಿ ನಿರಾಕರಿಸುವ ಅಧಿಕಾರಿ ನಿರಾಕರಣೆಯ ಕಾರಣ, ಮೇಲ್ಮನವಿಯ ಅವಧಿ ಮತ್ತು ಮೇಲ್ಮನವಿ ಪ್ರಾಧಿಕಾರಿಯ ವಿವರ ಈ ಮೂರನ್ನೂ ಅರ್ಜಿದಾರನಿಗೆ ತಿಳಿಸಬೇಕೆಂದು ವಿಧಿಸುತ್ತದೆ. ಅಂದರೆ ಕಡತದ ಒಂದು ಹಾಳೆಯ ನಕಲು ಕೊಡುವುದಿಲ್ಲವೆಂದು ಹೇಳುವ ಕಚೇರಿ ಇಷ್ಟೆಲ್ಲ ವಿವರ ಬರೆಯಬೇಕು. ಅದೇ ಕಡತದಲ್ಲಿರುವ ಜಮೀನನ್ನೋ ಪಿಂಚಣಿಯನ್ನೋ ನಿರಾಕರಿಸುವಾಗ ಹೀಗೆ ಬರೆಯಬೇಕೆಂಬ ಸಾರ್ವತ್ರಿಕ ನಿಯಮ ಇಲ್ಲ, ಏಕೆಂದರೆ ಆಡಳಿತ ಕಾರ್ಯವಿಧಾನಕ್ಕೇ ಮೀಸಲಾದ ಸಾಮಾನ್ಯ ಕಾಯ್ದೆ ಭಾರತದಲ್ಲಿ ಇದುವರೆಗೆ ಬಂದಿಲ್ಲ. ಆಡಳಿತಾತ್ಮಕ ತೀರ್ಮಾನದ ಕಾರಣಗಳನ್ನು ಬಾಧಿತರಿಗೆ ಒದಗಿಸಬೇಕೆಂದು ಮಾಹಿತಿ ಹಕ್ಕಿನ ಕಾಯ್ದೆಯ 4(1)(ಡಿ) ಕಲಮು ಹೇಳುತ್ತದಾದರೂ, ಒದಗಿಸದಿದ್ದರೆ ಆ ತೀರ್ಮಾನ ಬಿದ್ದುಹೋಗುತ್ತದೆಂದು ಅದು ಹೇಳುವುದಿಲ್ಲ. 10 ರೂಪಾಯಿ ಶುಲ್ಕ ಕೊಟ್ಟು ಕಡತದ ಟಿಪ್ಪಣಿಗಳ ನಕಲು ಕೇಳುವುದು ಅರ್ಜಿದಾರನಿಗೆ ಸದ್ಯಕ್ಕೆ ಇರುವ ಅತ್ಯಂತ ಅಗ್ಗದ ಉಪಾಯ, ಗ್ರಾಮ ಆಡಳಿತ ಅಧಿಕಾರಿ ಏನು ವರದಿ ಕೊಟ್ಟರು, ಕಂದಾಯ ನಿರೀಕ್ಷಕರು ಏನು ಷರಾ ಬರೆದರು, ಶಿರಸ್ತೇದಾರರ ಬಳಿ ಅದು ಎಷ್ಟು ದಿನ ಇತ್ತು ಎಂಬುದು ಅಲ್ಲಿ ಬಯಲಾಗುತ್ತದೆ. ಏಕೆ ತಿರಸ್ಕರಿಸಿದಿರಿ ಎಂದು ಪ್ರಶ್ನೆಯ ರೂಪದಲ್ಲಿ ಕೇಳುವವನು ಮಾತ್ರ ಬರಿಗೈಯಲ್ಲಿ ಮರಳಬೇಕಾಗಬಹುದು, ದಾಖಲೆಯಲ್ಲಿ ಇರುವುದನ್ನಷ್ಟೇ ಕೊಡಬೇಕು, ಇಲ್ಲದ ಮಾಹಿತಿಯನ್ನು ಸೃಷ್ಟಿಸಿ ಕೊಡಬೇಕಿಲ್ಲ ಎಂಬ ನಿಲುವನ್ನು ಸುಪ್ರೀಂ ಕೋರ್ಟು 2010 ಮತ್ತು 2011ರ ತೀರ್ಪುಗಳಲ್ಲಿ ತಳೆದಿದೆ.

ಕಾರಣ ಬರೆಯಲೇಬೇಕೆಂಬುದಕ್ಕೆ ಆಡಳಿತದ ಕಡೆಯಿಂದ ಬರುವ ಆಕ್ಷೇಪಣೆಯನ್ನು ಹಗುರವಾಗಿ ತಳ್ಳಿಹಾಕಲಾಗದು. ಚುನಾವಣೆ, ಬರ ಪರಿಹಾರ, ಶಿಷ್ಟಾಚಾರ, ಕಂದಾಯ ನ್ಯಾಯಾಲಯ ಎಲ್ಲವನ್ನೂ ಹೊತ್ತ ತಹಸೀಲ್ದಾರರು ಪ್ರತಿ ಅರ್ಜಿಗೂ ತೀರ್ಪಿನಂಥ ಆದೇಶ ಬರೆಯಲು ಕುಳಿತರೆ ಕಚೇರಿ ನಿಂತುಹೋಗುತ್ತದೆ ಎಂಬ ಮಾತಿನಲ್ಲಿ ಸತ್ಯವಿದೆ. ಆದರೆ ಕೇಳುತ್ತಿರುವುದು ತೀರ್ಪನ್ನಲ್ಲ. ಕಾರಣದ ಉದ್ದ ವಿಷಯದ ತೂಕಕ್ಕೆ ತಕ್ಕಂತಿದ್ದರೆ ಸಾಕು. ವಂಶವೃಕ್ಷದಲ್ಲಿ ಒಬ್ಬ ವಾರಸುದಾರರ ಹೆಸರು ಬಿಟ್ಟುಹೋಗಿದೆ ಎಂಬ ಒಂದೇ ಸಾಲು ಸಂಪೂರ್ಣವಾದ ಕಾರಣ. ಕಾರಣ ಬರೆಯದೆ ಉಳಿಸಿದ ಸಮಯವನ್ನು ಕಚೇರಿ ಅನಂತರ ಬಡ್ಡಿ ಸಹಿತ ತೆರುತ್ತದೆ: ಮಾಹಿತಿ ಹಕ್ಕಿನ ಅರ್ಜಿ, ಅದರ ಮೇಲ್ಮನವಿ, ಉಪವಿಭಾಗಾಧಿಕಾರಿಗೆ ಕಡತ ರವಾನೆ, ಹೈಕೋರ್ಟಿಗೆ ಕಂಡಿಕೆವಾರು ಉತ್ತರ, ಕೊನೆಗೆ ಮರುವಿಚಾರಣೆ. ಆಡದೆ ಉಳಿದ ಆಕ್ಷೇಪಣೆಯೊಂದು ಇನ್ನೂ ಇದೆ. ಬರೆದ ಕಾರಣ ನಾಳೆ ಇಲಾಖಾ ವಿಚಾರಣೆಯಲ್ಲೋ ಲೋಕಾಯುಕ್ತದಲ್ಲೋ ತನಗೇ ತಿರುಗುಬಾಣವಾದೀತು ಎಂಬ ಅಂಜಿಕೆ ಕೆಳಹಂತದ ಅಧಿಕಾರಿಗಳಲ್ಲಿ ಇದೆ, ನಿಯಮಾನುಸಾರ ಎಂಬ ಪದದ ಹಿಂದೆ ಅವರು ಆಶ್ರಯ ಪಡೆಯುವುದು ಸೋಮಾರಿತನದಿಂದ ಮಾತ್ರವಲ್ಲ. ಮೇಲಿನವರ ಮೌಖಿಕ ಸೂಚನೆಯ ಮೇಲೆ ತಿರಸ್ಕರಿಸಿದವರಿಗಂತೂ ಬರೆಯಲು ಕಾರಣವೇ ಇರುವುದಿಲ್ಲ. 1951ರ ಚಿತ್ರಮಂದಿರದ ಪ್ರಕರಣ ಇಂದಿಗೂ ಹಳತಾಗದಿರುವುದು ಇದರಿಂದಲೇ.

ಉಪದೇಶದಿಂದ ಈ ಅಂಜಿಕೆ ಹೋಗುವುದಿಲ್ಲವಾದ್ದರಿಂದ ಕಾರಣ ಬರೆಯದಿದ್ದರೆ ಏನಾಗುತ್ತದೆ ಎಂಬುದನ್ನು ಕಾನೂನೇ ಹೇಳಬೇಕು. ದಕ್ಷಿಣ ಆಫ್ರಿಕಾದ 1996ರ ಸಂವಿಧಾನದ 33ನೇ ಕಲಮು, ಆಡಳಿತದ ಕ್ರಮದಿಂದ ಹಕ್ಕಿಗೆ ಧಕ್ಕೆಯಾದ ಪ್ರತಿಯೊಬ್ಬರಿಗೂ ಲಿಖಿತ ಕಾರಣ ಪಡೆಯುವ ಹಕ್ಕು ಕೊಟ್ಟಿದೆ. ಅದನ್ನು ಜಾರಿಗೊಳಿಸಲು 2000ದಲ್ಲಿ ಬಂದ ಆಡಳಿತ ನ್ಯಾಯ ಕಾಯ್ದೆ ಒಂದು ಹೆಜ್ಜೆ ಮುಂದೆ ಹೋಗಿ, ಕೇಳಿದರೂ ಸಾಕಷ್ಟು ಕಾರಣ ಕೊಡದ ಪ್ರಾಧಿಕಾರದ ತೀರ್ಮಾನಕ್ಕೆ, ವಿರುದ್ಧ ಸಾಬೀತಾಗುವ ತನಕ, ಸರಿಯಾದ ಕಾರಣವೇ ಇರಲಿಲ್ಲವೆಂದು ನ್ಯಾಯಾಲಯ ಭಾವಿಸಿಕೊಳ್ಳಬೇಕೆಂದು ಹೇಳುತ್ತದೆ. ಕರ್ನಾಟಕದಲ್ಲಿ ಮಾಹಿತಿ ಹಕ್ಕಿನ ಕಾಯ್ದೆಯ ಮೂರು ವಿವರಗಳ ಜೊತೆ ಅನ್ವಯಿಸಿದ ಕಲಮು ಮತ್ತು ಕೊರತೆಯಾದ ದಾಖಲೆ ಎಂಬ ಇನ್ನೆರಡನ್ನು ಸೇರಿಸಿ ಹಿಂಬರಹದ ನಮೂನೆಯನ್ನು ಗೊತ್ತುಪಡಿಸುವುದಕ್ಕೆ ಹೊಸ ಕಾಯ್ದೆಯೂ ಬೇಕಿಲ್ಲ, ಒಂದು ಸುತ್ತೋಲೆ ಸಾಕು. ಆ ಅಂಕಣಗಳು ಖಾಲಿಯಿದ್ದರೆ ಗಣಕದಲ್ಲಿ ವಿಲೇವಾರಿ ದಾಖಲಾಗದಂತೆ ಮಾಡುವುದೂ ಕಷ್ಟದ ಕೆಲಸವಲ್ಲ. ದಕ್ಷಿಣ ಆಫ್ರಿಕಾದ ಮಾದರಿಯ ಪೂರ್ವಭಾವನೆಯನ್ನು ತರಲು ಮಾತ್ರ ಸುತ್ತೋಲೆ ಸಾಲದು, ಸಕಾಲ ಕಾಯ್ದೆಗೆ ವಿಧಾನಮಂಡಲದಲ್ಲಿ ತಿದ್ದುಪಡಿಯಾಗಬೇಕು, ಮತ್ತು ಆ ತಿದ್ದುಪಡಿಯ ಕರಡನ್ನು ಸಿದ್ಧಪಡಿಸಬೇಕಾದವರು ಕಾರಣ ಬರೆಯದೆ ಕಡತ ಮುಚ್ಚುವ ಅನುಕೂಲವನ್ನು ಇಷ್ಟು ಕಾಲ ಅನುಭವಿಸಿಕೊಂಡು ಬಂದಿರುವ ಅದೇ ಆಡಳಿತ ವರ್ಗದವರು.